ಮಳೆಗಾಲಕ್ಕೆ ಮುಂಚೆ ತೋಡಿನ ವಿಷಯ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಮನೆ ಕಟ್ಟಿಕೊಂಡು ಬಂದವರು ದಯವಿಟ್ಟು ಪೂರ್ತಿ ಓದಿ.

ಕುಶಾಲನಗರದ ಸುತ್ತಲಿನ ನಮ್ಮ ಊರುಗಳು ಭತ್ತದ ಊರುಗಳು. ಈಗ ಇಲ್ಲಿಂದ ಬೆಳಗ್ಗೆ ಮಡಿಕೇರಿಗೆ, ಕೂಡ್ಲೂರು ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವವರೇ ಜಾಸ್ತಿ. ಕುಶಾಲನಗರ ತಾಲೂಕು ಕೇಂದ್ರವಾದ ಮೇಲೆ ಸೈಟಿನ ಬೆಲೆಯೂ ಏರಿದೆ. ಮನೆಗಳು ಬರಲಿ, ಅದು ಸಂತೋಷವೇ. ಆದರೆ ನೀರಿಗೆ ದಾರಿ ಬೇಕಲ್ವಾ?

ಗದ್ದೆ ಮಳೆನೀರನ್ನು ಬದುವಿನೊಳಗೆ ಹಿಡಿದಿಟ್ಟು ನಿಧಾನವಾಗಿ ತೋಡಿಗೆ, ಅಂದರೆ ನೀರು ಹರಿದುಹೋಗುವ ಸಣ್ಣ ಹಳ್ಳಕ್ಕೆ, ಬಿಡುತ್ತದೆ. ಅದೇ ಗದ್ದೆಗೆ ಮಣ್ಣು ತುಂಬಿ ಕಾಂಕ್ರೀಟ್ ಹಾಕಿದರೆ ನೀರು ಒಂದೇ ಸಲ ನುಗ್ಗುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ನದಿ ಪಕ್ಕದ ಬಡಾವಣೆಗಳ ಮನೆಯೊಳಗೇ ನೀರು ನಿಂತಿತ್ತು. ಆ ಕೆಸರು ತೊಳೆದವರು ಈ ಗುಂಪಿನಲ್ಲೇ ಇದ್ದಾರೆ.

ಈಗ ನಮ್ಮ ತೋಡಿನ ಕೆಳಗಿನ ಮೋರಿ ನೋಡಿ. ಅರ್ಧ ಬಾಯಿ ಜಲ್ಲಿಪುಡಿ, ಸಿಮೆಂಟ್ ಚೀಲ, ಕಿತ್ತ ಟೈಲ್ಸ್. ಮೇಲಿನ ಗದ್ದೆಯಲ್ಲಿ ಇನ್ನೂ ನಾಟಿ ಮಾಡುವವರಿದ್ದಾರೆ. ಮೋರಿ ಕಟ್ಟಿ ನೀರು ಹಿಂದಕ್ಕೆ ನಿಂತರೆ ಅವರ ಸಸಿಮಡಿ ಕೊಳೆತುಹೋಗುತ್ತದೆ.

ಸೈಟ್ ನೋಡುತ್ತಿರುವವರು ಭೂಪರಿವರ್ತನೆ ಆದೇಶವನ್ನಷ್ಟೇ (ಕೃಷಿ ಜಮೀನನ್ನು ಮನೆ ಕಟ್ಟಲು ಬಳಸುವ ಅನುಮತಿ) ನೋಡಿ ಸುಮ್ನೆ ಮುಂಗಡ ಕೊಡಬೇಡಿ. ಗ್ರಾಮ ನಕ್ಷೆ ತೆಗೆಸಿ, ಸರ್ವೆ ನಂಬರಿನೊಳಗೆ ತೋಡು ಹಾದುಹೋಗಿದೆಯಾ ನೋಡಿ. ತೋಡನ್ನು ಮುಚ್ಚಿದರೂ ನಕ್ಷೆಯಲ್ಲಿ ಅದರ ಗೆರೆ ಇರುತ್ತದೆ.

ಭಾನುವಾರ ಬೆಳಗ್ಗೆ 7ಕ್ಕೆ ಮೋರಿ ಹತ್ತಿರ ಸೇರೋಣ. ಗುದ್ದಲಿ, ಬುಟ್ಟಿ ಇದ್ದವರು ತನ್ನಿ. ಬರುವವರು ಇಲ್ಲೇ ಹೆಸರು ಹಾಕಿ.