ಆ ಚಿತ್ರದ ಹಡಗು ಆ ರಾಜಪೂತ್ ಅಲ್ಲ

ಮಾನ್ಯ ಸಂಪಾದಕರೇ,

ಡಿಸೆಂಬರ್ 4, ನೌಕಾ ದಿನದಂದು ಪಾಕಿಸ್ತಾನದ ‘ಘಾಜಿ’ ಜಲಾಂತರ್ಗಾಮಿಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬರಹದ ಬಗ್ಗೆ ನನ್ನ ದೊಡ್ಡ ತಕರಾರೇನಿಲ್ಲ. ತಕರಾರು ಇರುವುದು ಚಿತ್ರದ ಬಗ್ಗೆ. ‘ಘಾಜಿಯನ್ನು ಮುಳುಗಿಸಿದ ಐಎನ್‌ಎಸ್ ರಾಜಪೂತ್’ ಎಂದು ಅಡಿಬರಹ ಹಾಕಿ ಅಚ್ಚು ಮಾಡಿದ್ದೀರಲ್ಲ, ಅದು ಆ ಹಡಗಲ್ಲ. ಭೂತಗನ್ನಡಿ ಹಿಡಿದು ನೋಡಿದೆ, ಮಗ್ಗುಲಲ್ಲಿ ‘ಡಿ 51’ ಎಂದು ಸ್ಪಷ್ಟವಾಗಿದೆ. ಅದು ಅದೇ ಹೆಸರಿನ ಇನ್ನೊಂದು ಹಡಗು, ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1980ರಲ್ಲಿ ನಮ್ಮ ನೌಕಾಪಡೆ ಸೇರಿ 2021ರ ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಘಾಜಿ ಮುಳುಗಿದ್ದು 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ. ಮೊಮ್ಮಗನ ಫೋಟೊ ಹಾಕಿ ತಾತನ ಶ್ರಾದ್ಧ ಮಾಡಿದಂತಾಯಿತು.

ಇದನ್ನು ಹೇಳಲು ನಾನು ಯಾರು ಎಂದು ಕೇಳಬಹುದು. 1967ರಲ್ಲಿ ಹದಿನೇಳು ತುಂಬುತ್ತಲೇ ಸಿಂಧನೂರು ತಾಲ್ಲೂಕಿನ ನಮ್ಮ ಹಳ್ಳಿ ಬಿಟ್ಟು ನೌಕಾಪಡೆ ಸೇರಿದವನು ನಾನು. ಲೋಣಾವಳದ ನೌಕಾಪಡೆ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಯಲ್ಲಿ ಕೆಲಸ ಕಲಿತು, 1969ರಿಂದ ಒಂದೂವರೆ ವರ್ಷ ಹಳೆಯ ರಾಜಪೂತ್‌ನ ಬಾಯ್ಲರ್ ರೂಮಿನಲ್ಲಿ ಸ್ಟೋಕರ್, ಎಂದರೆ ಬೆಂಕಿ ನೋಡಿಕೊಳ್ಳುವವನು, ಆಗಿದ್ದೆ. ನೌಕಾಪಡೆ ಬಿಟ್ಟ ಮೇಲೆ ಶಕ್ತಿನಗರದ ಆರ್‌ಟಿಪಿಎಸ್ (ರಾಯಚೂರು ಉಷ್ಣ ವಿದ್ಯುತ್ ಸ್ಥಾವರ) ಸೇರಿದೆ, ಅಲ್ಲಿಯೂ ಬಾಯ್ಲರ್ ವಿಭಾಗವೇ ಸಿಕ್ಕಿತು. ಹಡಗಿನಲ್ಲಿ ಎಣ್ಣೆಯ ಬೆಂಕಿ, ಇಲ್ಲಿ ಕಲ್ಲಿದ್ದಲಿನ ಬೆಂಕಿ. ಜನ್ಮವೆಲ್ಲ ಬೆಂಕಿಯ ಮುಂದೆಯೇ ಕಳೆಯಿತು.

ಆದ್ದರಿಂದ ನಿಮ್ಮ ಚಿತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಿಮಣಿ. ಸೋವಿಯತ್ ರಾಜಪೂತ್‌ಗೆ ಎರಡೆರಡರಂತೆ ನಾಲ್ಕು ಚಿಮಣಿ. ಅದು ಗ್ಯಾಸ್ ಟರ್ಬೈನ್ ಹಡಗು, ಅದರಲ್ಲಿ ನಮ್ಮಂಥವರಿಗೆ ಕೆಲಸವೇ ಇಲ್ಲ. ನಮ್ಮ ರಾಜಪೂತ್‌ಗೆ ಇದ್ದದ್ದು ಒಂದೇ ಚಿಮಣಿ, ಕೆಳಗೆ ಎರಡು ಬಾಯ್ಲರ್. ಅಡ್ಮಿರಾಲ್ಟಿ ಮೂರು ಡ್ರಮ್ಮಿನ ಬಾಯ್ಲರ್ ಎನ್ನುತ್ತಾರೆ, ಹಬೆಯ ಒತ್ತಡ ಚದರ ಇಂಚಿಗೆ 300 ಪೌಂಡ್. ಇಂಜಿನ್ ಬಲ 40,000 ಅಶ್ವಶಕ್ತಿ. ಆರ್‌ಟಿಪಿಎಸ್‌ನಲ್ಲಿ ಒಮ್ಮೆ ರಾತ್ರಿ ಪಾಳಿಯಲ್ಲಿ ಸೀಮೆಸುಣ್ಣ ಹಿಡಿದು ಲೆಕ್ಕ ಹಾಕಿದ್ದೆ. 40,000 ಅಶ್ವಶಕ್ತಿ ಎಂದರೆ ಹೆಚ್ಚುಕಡಿಮೆ 30 ಮೆಗಾವಾಟ್. ನಮ್ಮ 210 ಮೆಗಾವಾಟಿನ ಒಂದು ಯೂನಿಟ್ಟಿಗೆ ಏಳು ರಾಜಪೂತ್ ಬೇಕು. ಜೊತೆಯವರು ನಕ್ಕರು. ಆದರೆ ಆ 30 ಮೆಗಾವಾಟು ನೀರಿನ ಮೇಲೆ 36 ನಾಟ್ ವೇಗದಲ್ಲಿ ಓಡುತ್ತಿತ್ತು, ನಮ್ಮ ಯೂನಿಟ್ ಕೃಷ್ಣೆಯ ದಂಡೆ ಬಿಟ್ಟು ಒಂದು ಗೇಣು ಕದಲಲಿಲ್ಲ.

ಆ ಬಾಯ್ಲರ್ ರೂಮಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಸಮಾಧಾನವಿಲ್ಲ. ಬೆಂಕಿಗೆ ಗಾಳಿ ಸಾಲಬೇಕೆಂದು ಫ್ಯಾನುಗಳು ಇಡೀ ಕೋಣೆಗೇ ಗಾಳಿ ತುರುಕುತ್ತಿದ್ದವು. ಹಾಗಾಗಿ ಒಳಗೆ ಹೋಗಲು ಎರಡು ಬಾಗಿಲು. ಮೊದಲನೆಯದನ್ನು ದಾಟಿ, ಅದನ್ನು ಮುಚ್ಚಿಕೊಂಡ ಮೇಲೆಯೇ ಎರಡನೆಯದನ್ನು ತೆಗೆಯಬೇಕು. ಗಾಳಿಯ ಒತ್ತಡಕ್ಕೆ ಕಿವಿ ಗುಂಯ್ ಎನ್ನುತ್ತಿತ್ತು. ಎರಡೂ ಬಾಗಿಲು ಒಟ್ಟಿಗೆ ತೆರೆದರೆ ಗಾಳಿ ಹೊರಗೆ ನುಗ್ಗಿ, ಉರಿ ಕುಲುಮೆ ಬಿಟ್ಟು ನಮ್ಮ ಮುಖಕ್ಕೆ ಬರುತ್ತಿತ್ತು. ಹೊಸಬನಾಗಿದ್ದಾಗ ಒಮ್ಮೆ ಅವಸರದಲ್ಲಿ ಎರಡನೇ ಬಾಗಿಲಿಗೆ ಕೈ ಹಾಕಿದ್ದೆ, ಪೆಟ್ಟಿ ಆಫೀಸರ್ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದರು. ಸೇವೆಯುದ್ದಕ್ಕೂ ನನ್ನ ಮೇಲೆ ಬಿದ್ದ ಏಕೈಕ ಕೈ ಅದು, ಋಣ ಇನ್ನೂ ಇದೆ.

ಇನ್ನೊಂದು ಕೆಲಸ ಹೊಗೆ ಕಾಯುವುದು. ಗಾಳಿ ಕಡಿಮೆಯಾದರೆ ಕರಿ ಹೊಗೆ, ಹೆಚ್ಚಾದರೆ ಬಿಳಿ ಹೊಗೆ. ಯುದ್ಧದ ಹಡಗು ಎರಡನ್ನೂ ಬಿಡಬಾರದು, ಹತ್ತಾರು ಮೈಲಿಗೆ ವೈರಿಗೆ ಕಾಣುತ್ತದೆ. ಸೆಕೆ ಹೇಗೆ ತಡೆದುಕೊಂಡಿರಿ ಎಂದು ಈಗಲೂ ಕೇಳುವವರಿದ್ದಾರೆ. ರಾಯಚೂರಿನವನಿಗೆ ಕೇಳುವ ಪ್ರಶ್ನೆಯೇ ಅದು?

ಆ ಹಡಗು ನಮ್ಮ ಕೈಗೆ ಬರುವ ಮೊದಲೇ ಒಂದು ಮಹಾಯುದ್ಧ ಮುಗಿಸಿತ್ತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿ ಕಟ್ಟಿ, 1942ರಲ್ಲಿ ಬ್ರಿಟಿಷ್ ನೌಕಾಪಡೆಗೆ ‘ರಾದರ್‌ಹ್ಯಾಮ್’ ಎಂಬ ಹೆಸರಿನಲ್ಲಿ ಸೇರಿದ್ದು. ಹಿಂದೂ ಮಹಾಸಾಗರದಲ್ಲಿ ಜಪಾನಿನ ವಿರುದ್ಧ ದುಡಿಯಿತು. 1945ರ ಸೆಪ್ಟೆಂಬರಿನಲ್ಲಿ ಸಿಂಗಾಪುರದ ನೌಕಾನೆಲೆಯನ್ನು ಜಪಾನೀಯರಿಂದ ವಶಕ್ಕೆ ಪಡೆದಾಗ ಈ ಹಡಗು ಅಲ್ಲಿತ್ತು, ಆ ನೆಲೆಯ ಒಂದು ದ್ವಾರಕ್ಕೆ ಇದರ ಹೆಸರನ್ನೇ ಇಟ್ಟರು. 1949ರಲ್ಲಿ ಭಾರತ ಮೂರು ಹಡಗು ಕೊಂಡಿತು. ರಾದರ್‌ಹ್ಯಾಮ್ ರಾಜಪೂತ್ ಆಯಿತು, ರಿಡೌಟ್ ರಣಜಿತ್ ಆಯಿತು, ರೈಡರ್ ರಾಣಾ ಆಯಿತು. ನಮ್ಮದಕ್ಕೆ ‘ಡಿ 141’ ಎಂಬ ಅಂಕಿ ಬಿತ್ತು. ನಾನು ಹತ್ತುವ ಹೊತ್ತಿಗೆ ಅದಕ್ಕೆ ಇಪ್ಪತ್ತೇಳು ವರ್ಷ, ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಗೋಡೆಯೇ ದಪ್ಪವಾದಂತಿತ್ತು.

1971ರಲ್ಲಿ ಅದನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. ಅಷ್ಟರಲ್ಲಿ ಯುದ್ಧ ಬಂತು. ನಾನು ಆಗ ವರ್ಗವಾಗಿ ಕೊಚ್ಚಿಯಲ್ಲಿದ್ದೆ, ಆ ರಾತ್ರಿ ನಾನು ಹಡಗಿನಲ್ಲಿ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಕೆಲವರು ನಾನೇ ಬಾಂಬು ಹಾಕಿದೆ ಎಂದು ಸುದ್ದಿ ಹಬ್ಬಿಸಿದ್ದಾರೆ.

ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್‌ನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಪೂರ್ತಿ ವೇಗದಲ್ಲಿ ಓಡಲಾಗದ ವಿಮಾನವಾಹಕವನ್ನು ಘಾಜಿಯ ಕಣ್ಣಿಗೆ ಬೀಳದಂತೆ ಅಂಡಮಾನಿಗೆ ಕಳಿಸಿ, ಅದು ವಿಶಾಖಪಟ್ಟಣದಲ್ಲೇ ಇದೆ ಎಂದು ನಂಬಿಸುವ ಉಪಾಯವನ್ನು ವೈಸ್ ಅಡ್ಮಿರಲ್ ಕೃಷ್ಣನ್ ಹೂಡಿದರು. ಆ ನಾಟಕದಲ್ಲಿ ವಿಕ್ರಾಂತ್‌ನ ಪಾತ್ರ ಹಾಕಿದ್ದು ನಮ್ಮ ಮುದಿ ರಾಜಪೂತ್. ಸಮುದ್ರಕ್ಕೆ ಹೋಗಿ ದೊಡ್ಡ ಹಡಗಿನಂತೆ ವೈರ್‌ಲೆಸ್ ಸಂದೇಶಗಳನ್ನು ಒಂದರ ಹಿಂದೊಂದು ಕಳಿಸಿತು. ದಂಡೆಯ ಮೇಲೆ ಸಾವಿರಾರು ಜನಕ್ಕಾಗುವಷ್ಟು ದಿನಸಿ, ತರಕಾರಿ, ಮಾಂಸಕ್ಕೆ ಆರ್ಡರ್ ಕೊಟ್ಟರು. ವಿಕ್ರಾಂತ್‌ನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿಯ ಆರೋಗ್ಯ ವಿಚಾರಿಸಿದಂತೆ ಒಂದು ಸಂದೇಶವನ್ನೂ ಗುಪ್ತಲಿಪಿ ಇಲ್ಲದೆ ಬಿಟ್ಟರು. ಇಡೀ ಉಪಾಯದಲ್ಲಿ ನನಗೆ ಹಿಡಿಸಿದ್ದು ಇದೇ. ತಾಯಿಯ ಚಿಂತೆ ಎಂದರೆ ವೈರಿಯೂ ಅನುಮಾನ ಪಡುವುದಿಲ್ಲ.

ಡಿಸೆಂಬರ್ 3ರ ನಡುರಾತ್ರಿಗೆ ಸ್ವಲ್ಪ ಮುಂಚೆ, ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಅವರ ನಾಯಕತ್ವದಲ್ಲಿ ರಾಜಪೂತ್ ಬಂದರು ಬಿಟ್ಟಿತು. ದಾರಿ ತೋರಿಸಲು ಬಂದಿದ್ದ ಪೈಲಟ್‌ನನ್ನು ಇಳಿಸಿದ ಮೇಲೆ ಮುಂದೆ ನೀರು ಅಲ್ಲೋಲಕಲ್ಲೋಲವಾದದ್ದು ಕಂಡು ವೇಗ ಹೆಚ್ಚಿಸಿ ಎರಡು ಡೆಪ್ತ್ ಚಾರ್ಜ್, ಎಂದರೆ ನೀರಿನೊಳಗೆ ಸಿಡಿಯುವ ಬಾಂಬು, ಉದುರಿಸಿದರು. ಆಮೇಲೆ ಆದ ಸ್ಫೋಟಕ್ಕೆ ಊರಿನ ಕಿಟಕಿಗಳು ನಡುಗಿದವು. ಮೀನುಗಾರರಿಗೆ ಲೈಫ್ ಜಾಕೆಟ್ ಸಿಕ್ಕಿತು, ಮುಳುಗುಗಾರರು ಇಳಿದು ಘಾಜಿಯನ್ನು ಖಚಿತಪಡಿಸಿದರು.

ಇಲ್ಲಿ ನಿಮ್ಮ ಬರಹದವರು ಅವಸರ ಮಾಡಿದ್ದಾರೆ. ಡೆಪ್ತ್ ಚಾರ್ಜ್ ಹಾಕಿದ್ದು ಖರೆ. ಘಾಜಿ ಅದರಿಂದಲೇ ಮುಳುಗಿತೋ, ತಾನೇ ಸಮುದ್ರದಲ್ಲಿ ಹುದುಗಿಸಿದ ಮೈನ್ ಎಂಬ ಸ್ಫೋಟಕಗಳಿಂದಲೋ, ಒಳಗಿನ ಸ್ಫೋಟದಿಂದಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಪಾಕಿಸ್ತಾನ ಒಪ್ಪುವುದಿಲ್ಲ, ನಮ್ಮ ಕೆಲ ನಿವೃತ್ತ ಅಧಿಕಾರಿಗಳಿಗೂ ಸಂಶಯವಿದೆ. ಹೀಗೆ ಬರೆದರೆ ರಾಜಪೂತ್‌ನ ಮರ್ಯಾದೆ ಕಡಿಮೆಯಾಗುವುದಿಲ್ಲ. ಗುಜರಿ ದಾರಿಯಲ್ಲಿದ್ದ ಹಡಗು ವಿಕ್ರಾಂತ್‌ನ ವೇಷ ತೊಟ್ಟು ಜಲಾಂತರ್ಗಾಮಿಯ ಬಾಯಿಗೇ ಹೋಯಿತಲ್ಲ, ಅದೇ ದೊಡ್ಡದು.

ಬರಹದಲ್ಲಿ ಇಲ್ಲದ ಇನ್ನೊಂದು ಸಂಗತಿ, ಘಾಜಿಯೂ ಅದೇ ಮಹಾಯುದ್ಧದ ಕಾಲದ್ದು. ಅಮೆರಿಕದವರು ‘ಡಯಾಬ್ಲೊ’ ಎಂದು ಕಟ್ಟಿ 1945ರಲ್ಲಿ ಸೇವೆಗೆ ಸೇರಿಸಿದ್ದರು, 1964ರಲ್ಲಿ ಪಾಕಿಸ್ತಾನಕ್ಕೆ ಬಂತು. ಒಂದೇ ಪಕ್ಷಕ್ಕೆಂದು ಕಟ್ಟಿದ ಎರಡು ಹಡಗು, ಹೆಸರು ಬದಲಿಸಿಕೊಂಡು ಆಂಧ್ರದ ಕರಾವಳಿಯಲ್ಲಿ ಎದುರಾದವು. ಘಾಜಿಯೊಳಗೆ ಸತ್ತವರು ತೊಂಬತ್ತಕ್ಕೂ ಹೆಚ್ಚು. ಅವರಲ್ಲೂ ನಮ್ಮಂತೆ ಎಣ್ಣೆ ಮೆತ್ತಿದ ಕೈಯವರು ಇದ್ದೇ ಇರುತ್ತಾರೆ.

ಸುಮ್ಮನಿರಬಹುದಿತ್ತು. ಆದರೆ ನನ್ನ ಮೊಮ್ಮಗನ ಶಾಲೆಯಲ್ಲಿ ನಿಮ್ಮ ಚಿತ್ರ ಕತ್ತರಿಸಿ ಬೋರ್ಡಿಗೆ ಅಂಟಿಸಿದ್ದಾರೆ. ಹೋಗಿ ಹೇಳಿದೆ. ಮೇಷ್ಟ್ರು ಒಳ್ಳೆಯವರು, ಕುರ್ಚಿ ಕೊಟ್ಟು, “ಪೇಪರಿನ್ಯಾಗ ಬಂದೈತಲ್ರೀ ತಾತಾ” ಎಂದರು. ನನ್ನ ಹತ್ತಿರ ಇರುವ ಒಂದೇ ಫೋಟೊ ತೋರಿಸಿದೆ. ಹಡಗಿನ ಮುಂದೆ ನಾವು ಹನ್ನೊಂದು ಜನ ನಿಂತದ್ದು. ಮೊದಲ ‘1’ ಅಂಕಿಗೆ ಒಬ್ಬನ ತಲೆ ಅಡ್ಡ ಬಂದಿದೆ, ‘41’ ಮಾತ್ರ ಕಾಣುತ್ತದೆ. “ಇದು 41 ಐತಲ್ಲ ತಾತಾ, ನೀವು 141 ಅಂತೀರಿ” ಎಂದು ಮೊಮ್ಮಗನೇ ಕೇಳಿದ.

ಆದ್ದರಿಂದ ತಿದ್ದುಪಡಿ ನಿಮ್ಮಿಂದಲೇ ಬರಬೇಕು. ಬೋರ್ಡಿನ ಮೇಲಿನದನ್ನು ಕೀಳಬೇಕಾದರೆ ಪೇಪರಿನಲ್ಲೇ ಬರಬೇಕು. ಆ ಫೋಟೊವನ್ನು ಪತ್ರದ ಜೊತೆ ಇಟ್ಟಿದ್ದೇನೆ, ಬೇಕಾದರೆ ಅಚ್ಚು ಮಾಡಿ. ದಯವಿಟ್ಟು ಮೂಲಪ್ರತಿಯನ್ನು ತಪ್ಪದೆ ಹಿಂದಿರುಗಿಸಿ, ಬೇರೆ ಪ್ರತಿ ಇಲ್ಲ. ಎಡದಿಂದ ಮೂರನೆಯವನು, ಅಂಕಿಗೆ ತಲೆ ಅಡ್ಡ ಇಟ್ಟವನು, ನಾನೇ.

— ಒಬ್ಬ ನಿವೃತ್ತ ಸ್ಟೋಕರ್, ಶಕ್ತಿನಗರ, ರಾಯಚೂರು ಜಿಲ್ಲೆ