ಸುವಾರ್ತೆಗಳನ್ನು ಬರೆದವರು ಯಾರೆಂದು ಕೇಳಬಾರದೇ?

ಮಾನ್ಯ ಸಂಪಾದಕರೇ,

ಭಾನುವಾರ ಸಂಜೆ ನಮ್ಮ ಗ್ರಂಥಾಲಯದ ಸಭಾಂಗಣದಲ್ಲಿ ಸುವಾರ್ತೆಗಳ (ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳ) ಕುರಿತ ಉಪನ್ಯಾಸ ನಿಂತುಹೋದ ಬಗ್ಗೆ ನಿಮ್ಮಲ್ಲಿ ಬಂದ ವರದಿಯನ್ನು ಓದಿ ಬಹಳ ಬೇಸರವಾಯಿತು. ‘ಸುವಾರ್ತೆಗಳು ಸುಳ್ಳು’ ಎಂದು ಉಪನ್ಯಾಸಕರು ಹೇಳಿದರೆಂದು ಅದರಲ್ಲಿದೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನಾನು, ಒಬ್ಬ ಕ್ರೈಸ್ತ, ಅಂಥ ಮಾತನ್ನು ಕೇಳಲೇ ಇಲ್ಲ. ಅವರು ಹೇಳಿದ್ದು ಇಷ್ಟು: ನಾಲ್ಕು ಸುವಾರ್ತೆಗಳ ಪಠ್ಯದೊಳಗೆ ಎಲ್ಲಿಯೂ ಬರೆದವರು ತಮ್ಮ ಹೆಸರನ್ನು ಹೇಳಿಕೊಂಡಿಲ್ಲ, ನಮ್ಮ ಕನ್ನಡ ಬೈಬಲಿನಲ್ಲಿ ‘ಮತ್ತಾಯನು ಬರೆದ ಸುವಾರ್ತೆ’ ಎಂದಿರುವ ಶಿರೋನಾಮೆಗೆ ಗ್ರೀಕಿನಲ್ಲಿ ‘ಮತ್ತಾಯನ ಪ್ರಕಾರ’ ಎಂಬುದಷ್ಟೇ ಅರ್ಥ, ಬರೆದವರೆಂದು ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರನ್ನೂ ಹೆಸರಿಸಿ ಹೇಳಿದ ಬಿಷಪ್ ಐರಿನೇಯಸನು ಬರೆದದ್ದು ಸುಮಾರು ಕ್ರಿ.ಶ. 180ರಲ್ಲಿ.

ಇದರಿಂದ ಯಾರ ನಂಬಿಕೆಗೆ ಧಕ್ಕೆಯಾಯಿತು? ತನಗಿಂತ ಮೊದಲೇ ಅನೇಕರು ಬರೆದಿದ್ದಾರೆ, ಕಣ್ಣಾರೆ ಕಂಡವರು ತಿಳಿಸಿದ್ದನ್ನು ವಿಚಾರಿಸಿ ತಾನು ಬರೆಯುತ್ತಿದ್ದೇನೆ ಎಂದು ಲೂಕನ ಸುವಾರ್ತೆಯೇ ತನ್ನ ಮೊದಲ ನಾಲ್ಕು ವಚನಗಳಲ್ಲಿ ಹೇಳುತ್ತದೆ. ವಿಚಾರಿಸಿ ಬರೆದದ್ದನ್ನು ವಿಚಾರಿಸಿಯೇ ಓದಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದ ನಾನು ನಂಬಿದ್ದೇನೆ.

ಯೂದಾಯದ ಅರಸ ಹೆರೋದನು ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ, ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಖಾನೇಷುಮಾರಿ (ಜನಗಣತಿ) ನಡೆದದ್ದು ಕ್ರಿ.ಶ. 6ರಲ್ಲಿ, ಯೇಸುವಿನ ಜನನವನ್ನು ಮತ್ತಾಯನು ಮೊದಲನೆಯವನ ಕಾಲಕ್ಕೂ ಲೂಕನು ಆ ಖಾನೇಷುಮಾರಿಗೂ ಸೇರಿಸುವುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂದು ಉಪನ್ಯಾಸಕರು ಬಿಡಿಸಿ ಹೇಳುತ್ತಿದ್ದಾಗಲೇ, ಯಾರೋ ನಾಲ್ವರು ಕೂಗಿದರೆಂದು, ಗ್ರಂಥಾಲಯದ ಅಧಿಕಾರಿ ಮೈಕ್ ನಿಲ್ಲಿಸಿ ದೀಪ ಆರಿಸಿಬಿಟ್ಟರು. ಯೂದಾಯದ ರೋಮನ್ ಅಧಿಪತಿ ಪಿಲಾತನ ಹೆಸರು ಕೆತ್ತಿದ, 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕ ಕಲ್ಲಿನ ಚಿತ್ರವನ್ನೂ, ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸನ ಸಾಲುಗಳನ್ನೂ ಉಪನ್ಯಾಸಕರು ಮುಂದಿನ ಭಾಗಕ್ಕೆಂದು ತಂದಿದ್ದರು. ಸುವಾರ್ತೆಗಳಿಗೆ ಬಲ ಕೊಡುವ ಆ ಭಾಗವೇ ಕೂಗಿದವರ ಕಿವಿಗೂ ಬೀಳಲಿಲ್ಲ, ನಮ್ಮ ಕಿವಿಗೂ ಬೀಳಲಿಲ್ಲ.

ಮಂಡಿನೋವಿನಲ್ಲಿ ಎರಡು ಬಸ್ ಬದಲಾಯಿಸಿ, ಗುರುತು ಹಾಕಿದ ಬೈಬಲನ್ನು ಹಿಡಿದು ಬಂದಿದ್ದೆ. ಕತ್ತಲೆಯಲ್ಲಿ ಮೆಟ್ಟಿಲು ತಡವಿ ಇಳಿಯುವಾಗ ಕನ್ನಡಕ ಬಿದ್ದು ಒಡೆಯಿತು. ಕೊನೆಯ ಬಸ್ಸೂ ತಪ್ಪಿ ಆಟೋದವನಿಗೆ 300 ರೂಪಾಯಿ ತೆರಬೇಕಾಯಿತು. ಹೊಸ ಒಡಂಬಡಿಕೆಯ (ಸುವಾರ್ತೆಗಳಿರುವ ಬೈಬಲಿನ ಎರಡನೆಯ ಭಾಗದ) ಹಸ್ತಪ್ರತಿಗಳ ಕುರಿತು ಒಂದು ಪುಸ್ತಕವನ್ನಾದರೂ ತರಿಸಿ ಎಂದು ಎರಡು ವರ್ಷದ ಹಿಂದೆ ಇದೇ ಗ್ರಂಥಾಲಯದ ಕಚೇರಿಗೆ ಕೊಟ್ಟ ಅರ್ಜಿಗೆ ಇಂದಿಗೂ ಉತ್ತರವಿಲ್ಲ. ವಾಚನಾಲಯದ ಫ್ಯಾನು ಕೆಟ್ಟು ಮೂರು ಬೇಸಿಗೆ ಕಳೆದವು. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನು ಮಾತ್ರ ಪ್ರತಿ ವರ್ಷ ತಪ್ಪದೆ ವಸೂಲು ಮಾಡುತ್ತಾರೆ.

ತಾವು ವರದಿಯನ್ನು ತಿದ್ದಬೇಕು. ಅಧಿಕಾರಿಗಳು ಕಾರಣ ಹೇಳಬೇಕು, ಉಪನ್ಯಾಸವನ್ನೂ ಮುಂದುವರಿಸಬೇಕು. ಅದೂ ಆಗದಿದ್ದರೆ ಮೇಲಿನವರು ಏನಾದರೂ ಕ್ರಮ ಕೈಗೊಳ್ಳಬೇಕು. ಓದುವವರನ್ನು ಕತ್ತಲೆಗೆ ತಳ್ಳಿದ ಗ್ರಂಥಾಲಯದವರಿಗೆ ಸ್ವಲ್ಪವಾದರೂ ನಾಚಿಕೆಯಾಗಬೇಕು.

– ನಿವೃತ್ತ ಪ್ರೌಢಶಾಲಾ ಶಿಕ್ಷಕ