ನನ್ನನ್ನು ದಾಟಿಸಿದವರಿಗೆ

ಕಳೆದ ವಾರ ಮಡಿಕೇರಿ ಕೋರ್ಟಿನಿಂದ ವಿಚ್ಛೇದನದ ಡಿಕ್ರಿ ಪ್ರತಿ ಕೈಗೆ ಬಂತು. ಸುದ್ದಿ ಹೇಗೂ ಊರೆಲ್ಲ ಸುತ್ತಿದೆ. ನನ್ನನ್ನು ಉಳಿಸಿಕೊಂಡವರು ಯಾರು ಅನ್ನುವುದೂ ಊರಿಗೆ ಗೊತ್ತಾಗಲಿ.

ಮೊದಲು ಅತ್ತಿಗೆ. ನಾನು ತವರಿಗೆ ಬಂದದ್ದು ಕಕ್ಕಡದ ಮಳೆಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ. ಸೋಮವಾರಪೇಟೆ ಕಡೆ ಆ ತಿಂಗಳು ಹೇಗಿರುತ್ತದೆಂದು ಬಲ್ಲವರಿಗೆ ಗೊತ್ತು, ಒಲೆಯ ಮೇಲೆ ಹರವಿದ ಬಟ್ಟೆಯೂ ಒಣಗುವುದಿಲ್ಲ. ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ತಲೆ ಬಾಚಿಕೊಳ್ಳುವುದೂ ಬೆಟ್ಟದಂಥ ಕೆಲಸ. ಬಂದವರೆಲ್ಲ ‘ಯಾಕೆ ಹೀಗಾಯ್ತು?’ ಎಂದು ಕೇಳಿದರು. ಅತ್ತಿಗೆ ಒಮ್ಮೆಯೂ ಕೇಳಲಿಲ್ಲ. ರಾತ್ರಿ ಊಟವಾದ ಮೇಲೆ ಡಬ್ಬಿಯ ಮುಚ್ಚಳದಲ್ಲಿ ಮಾತ್ರೆ ಇಟ್ಟು, ಪಕ್ಕದಲ್ಲಿ ಬಿಸಿನೀರಿಟ್ಟು, ನಾನು ನುಂಗುವವರೆಗೂ ಬೆಳ್ಳುಳ್ಳಿ ಸುಲಿಯುತ್ತ ಕೂತಿರುತ್ತಿದ್ದರು. ನುಂಗಿದ ಮೇಲೆ ಸಿಪ್ಪೆ ಬಾಚಿಕೊಂಡು, ‘ಮಲಗು ಪುಟ್ಟಿ’ ಎಂದು ದೀಪ ಆರಿಸುತ್ತಿದ್ದರು. ಅತ್ತಿಗೆ, ನಮ್ಮ ಮನೆಗೆ ಅಷ್ಟು ಬೆಳ್ಳುಳ್ಳಿ ಬೇಕಿರಲಿಲ್ಲ ಅನ್ನುವುದು ನನಗೆ ಆಗಲೇ ಗೊತ್ತಿತ್ತು.

ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಯೋಜನೆಯಲ್ಲಿ ನನ್ನನ್ನು ನೋಡಿದ ಡಾಕ್ಟರಿಗೆ ಕೈಮುಗಿಯುತ್ತೇನೆ. ಇದು ಖಿನ್ನತೆ, ಕಾಯಿಲೆ, ನಿಮ್ಮ ಗುಣದೋಷವಲ್ಲ ಎಂದರು. ಮಾತ್ರೆ ನಾಟಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಬಿಡಬೇಡಿ, ಹುಷಾರಾದ ಮೇಲೂ ನಮ್ಮನ್ನು ಕೇಳದೆ ನಿಲ್ಲಿಸಬೇಡಿ ಎಂದು ಮೊದಲ ದಿನವೇ ಹೇಳಿದರು. ಆ ಮಾತು ಹಿಡಿದುಕೊಂಡೇ ಕಾದೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ವಕೀಲರಿಗೂ ವಂದನೆ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಅಲ್ಲಿ ಉಚಿತ ಕಾನೂನು ನೆರವು ಉಂಟು. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಬ್ಬರೂ ಒಪ್ಪಿದರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಸಂದರ್ಭ ನೋಡಿ ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇದನ್ನೆಲ್ಲ ಅವರು ಕನ್ನಡದಲ್ಲಿ ಬಿಡಿಸಿ ಹೇಳಿದ ಮೇಲೇ ಸಹಿ ಹಾಕಿಸಿದರು.

ಪಕ್ಕದ ತೋಟದ ಅಕ್ಕ ಕಾಫಿ ಕೊಯ್ಲಿನಲ್ಲಿ ‘ತೂಕ ಬರೆಯೋಕೆ ಜನ ಇಲ್ಲ, ಬಾ’ ಎಂದು ಕರೆದುಕೊಂಡು ಹೋದರು. ಸಂಜೆ ಹಣ್ಣಿನ ಚೀಲ ತಕ್ಕಡಿಗೆ ಏರುತ್ತಿದ್ದಂತೆ ಹೆಸರಿನ ಮುಂದೆ ಕಿಲೋ ಬರೆಯುವುದು. ಒಂದು ಸಂಜೆ ಕೊಯ್ಯುವ ಹೆಂಗಸೊಬ್ಬಳು ಪುಸ್ತಕದೊಳಗೆ ಇಣುಕಿ, ‘ಅಕ್ಕಾ, ನಂದು ಸರಿಯಾಗಿ ಬರೆದ್ರಾ?’ ಅಂದಳು. ಅವಳ ಕೂಲಿ ನನ್ನ ಲೆಕ್ಕದ ಮೇಲೆ ನಿಂತಿತ್ತು. ನಾಳೆ ಬರಲೇಬೇಕು ಅಂತ ಎಷ್ಟೋ ತಿಂಗಳ ಮೇಲೆ ಅನ್ನಿಸಿದ್ದು ಅವತ್ತು. ಅವಳಿಗೆ ಇದು ಗೊತ್ತಿಲ್ಲ. ಯಾರಾದರೂ ಓದಿ ಹೇಳಿ.

ಗಂಡನ ಮನೆಯ ಅತ್ತೆಗೂ ನಮಸ್ಕಾರ. ನಾನು ಕೇಳುವ ಮೊದಲೇ ನನ್ನ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು, ಹಳೆ ಸೀರೆ ಸುತ್ತಿ, ಜೀಪಿನಲ್ಲಿ ಕಳಿಸಿಕೊಟ್ಟರು. ಈಗ ನನ್ನ ಅನ್ನ ಅದರಿಂದಲೇ.

ನನ್ನಂತೆ ಮಲಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೋ ಕೋರ್ಟಿಗೋ ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನಾನು ಜೊತೆಗೆ ಬರುತ್ತೇನೆ. ಸೋಮವಾರ ಮಾತ್ರ ಬೇಡ, ಸಂತೆ ದಿನ ಹೊಲಿಗೆಗೆ ಜನ ಬರುತ್ತಾರೆ.